ಕತೆಯ ತಂಗಿಗೆ ಯಾಕೆ ನಿದ್ದೆ ಬರುತ್ತಿಲ್ಲ?

ಪ್ರೀತಿಯ ತಮ್ಮಾ,

ನೀನು ಬರೆದ ಕತೆಯನ್ನು ಎರಡು ಸಲ ಓದಿದೆ. ಭಾಷೆ ಚೆನ್ನಾಗಿದೆ. ನನ್ನ ತಕರಾರು ಆ ಅಕ್ಕ-ತಂಗಿಯರ ಬಗ್ಗೆ. ದೇವರನ್ನು ನಂಬುವ ಅಕ್ಕ ಒಳ್ಳೆಯವಳು, ನೆಮ್ಮದಿಯಾಗಿದ್ದಾಳೆ. ನಂಬದ ತಂಗಿ ಸುಳ್ಳು ಹೇಳುತ್ತಾಳೆ, ರಾತ್ರಿಯಿಡೀ ಹೊರಳಾಡುತ್ತಾಳೆ. ಮೊದಲ ಪುಟದಲ್ಲೇ ಕೊನೆ ಗೊತ್ತಾಗಿಬಿಡುತ್ತದೆ, ಅಲ್ವಾ? ಬೈಯುತ್ತಿಲ್ಲ. ನಿನ್ನ ವಯಸ್ಸಿನಲ್ಲಿ ನಾನು ಇದನ್ನೇ ಉಲ್ಟಾ ಬರೆದಿದ್ದೆ. ಭಕ್ತರೆಲ್ಲ ಕಪಟಿಗಳು, ನಾಸ್ತಿಕರೆಲ್ಲ ಚಿನ್ನ. ಅದೂ ಅಷ್ಟೇ ಸೋಮಾರಿ ಕೆಲಸ.

ಒಂದು ಪ್ರಯೋಗದ ವಿಷಯ ಹೇಳುತ್ತೇನೆ. ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ್ದು. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಯಾಗಲು ಓದುತ್ತಿದ್ದ 40 ಮಂದಿ. ಪಕ್ಕದ ಕಟ್ಟಡಕ್ಕೆ ಹೋಗಿ ಪುಟ್ಟ ಭಾಷಣ ಮಾಡಬೇಕು. ಅರ್ಧ ಜನರಿಗೆ ಕೊಟ್ಟ ವಿಷಯ ಏನು ಗೊತ್ತಾ? ದಾರಿಯಲ್ಲಿ ಬಿದ್ದವನನ್ನು ಎತ್ತಿ ಉಪಚರಿಸಿದವನ ಬೈಬಲ್ ಕತೆ! ಹೋಗುವ ದಾರಿಯಲ್ಲೇ ಒಬ್ಬ ಬಾಗಿಲ ಬಳಿ ತಲೆ ತಗ್ಗಿಸಿ ಕುಸಿದು ಕೂತಿದ್ದಾನೆ. ಕೆಮ್ಮುತ್ತಾನೆ, ನರಳುತ್ತಾನೆ. ಅವನನ್ನು ಕೂರಿಸಿದ್ದು ಸಂಶೋಧಕರೇ. ಆಗಲೇ ತಡವಾಗಿದೆ ಅನ್ನಿಸಿಕೊಂಡು ಹೊರಟವರಲ್ಲಿ ನೆರವಿಗೆ ಮುಂದಾದವರು ಶೇ. 10. ಸಮಯ ಇದ್ದವರಲ್ಲಿ ಶೇ. 63. ಯಾರ ಭಕ್ತಿ ಎಂಥದ್ದು ಅಂತ ನೋಡಿ ಯಾರು ನಿಲ್ಲುತ್ತಾರೆ ಅಂತ ಹೇಳಲು ಆಗಲಿಲ್ಲ. ಅವಸರ ನೋಡಿ ಹೇಳಬಹುದಿತ್ತು. ಅಲ್ಲಿ ನಾಸ್ತಿಕರನ್ನು ಪರೀಕ್ಷಿಸಿರಲಿಲ್ಲ, ಹಾಗಾಗಿ ಇದು ಎರಡು ಪಕ್ಷಗಳ ಪಂದ್ಯದ ತೀರ್ಪಲ್ಲ. ನನಗೆ ಹಿಡಿಸಿದ್ದು ಬೇರೆ. ನಿಲ್ಲದೆ ಹೋದವರಲ್ಲಿ ಕೆಲವರು ಭಾಷಣದ ಜಾಗ ತಲುಪಿದಾಗ ಕಳವಳದಲ್ಲಿದ್ದರಂತೆ. ಕತೆ ಇರೋದು ಆ ಮುಖದಲ್ಲಿ.

ಸುಖದ ವಿಚಾರದಲ್ಲಿ ನಿನ್ನದು ಪೂರ್ತಿ ತಪ್ಪಲ್ಲ. ಅಮೆರಿಕದಲ್ಲಿ ಚರ್ಚಿಗೆ ತಪ್ಪದೆ ಹೋಗುವವರಿಗೆ ಬದುಕಿನ ಬಗ್ಗೆ ತೃಪ್ತಿ ಜಾಸ್ತಿ. ಆದರೆ 2010ರಲ್ಲಿ ಲಿಮ್ ಮತ್ತು ಪುಟ್ನಮ್ ಎಂಬ ಸಂಶೋಧಕರು ಕೆದಕಿ ನೋಡಿದಾಗ ಗುಟ್ಟು ಪಕ್ಕದ ಬೆಂಚಿನಲ್ಲಿ ಸಿಕ್ಕಿತು. ಅಲ್ಲಿ ಆಪ್ತ ಗೆಳೆಯರು ಇದ್ದವರಿಗೆ ಆ ತೃಪ್ತಿ. ವಾರ ವಾರ ಹೋದರೂ ಅಲ್ಲಿ ತಮ್ಮವರು ಅಂತ ಯಾರೂ ಇಲ್ಲದವರು, ಹೋಗದೇ ಇರುವವರ ಹಾಗೇ ಇದ್ದರು.

ಈಗ ಹೇಳು, ತಂಗಿಗೆ ನಿದ್ದೆ ಬಾರದ್ದು ದೇವರಿಲ್ಲ ಅಂತಲೋ, ರಾತ್ರಿ ಎರಡಕ್ಕೆ ಮಾತಾಡೋಕೆ ಯಾರೂ ಇಲ್ಲ ಅಂತಲೋ? ಮೂರನೇ ಪುಟದಲ್ಲಿ ಅವಳು ಫೋನ್ ಕೈಗೆತ್ತಿಕೊಂಡು ಸುಮ್ನೆ ಕೆಳಗಿಡುತ್ತಾಳೆ. ಅದು ನಿನಗೇ ತಿಳಿಯದೆ ಬಂದ ಸಾಲು ಅಂತ ಕಾಣುತ್ತದೆ. ಅಲ್ಲಿಂದ ಮತ್ತೆ ಶುರು ಮಾಡು. ಅಕ್ಕನನ್ನೂ ಒಂದು ದಿನ ತಡವಾಗಿ ಹೊರಡಿಸು. ದಾರಿಯಲ್ಲಿ ಯಾರನ್ನಾದರೂ ಕೂರಿಸು. ಅವಳೇನು ಮಾಡುತ್ತಾಳೋ ಓದಬೇಕು ಅಂತ ಕಾಯುತ್ತಿರುತ್ತೇನೆ.

ನಿನ್ನ ಅಣ್ಣ