ಅಳೆಯುವ ಮುಂಚೆ ಚೀಲ ಹೊತ್ತು ನೋಡು

ಸೋಮವಾರಪೇಟೆ

ಪ್ರೀತಿಯ ಪುಟ್ಟಿ,

ನಿನಗೆ ಪಿಎಚ್‌ಡಿ ಸೀಟು ಸಿಕ್ಕಿತು ಅಂತ ನಿಮ್ಮಮ್ಮ ಫೋನ್ ಮಾಡಿದಳು. ತುಂಬಾ ಖುಷಿಯಾಯಿತು. ನಾನು ಪಿ.ಟಿ. ಟೀಚರ್ ಆಗಿದ್ದ ಕಾಲದಲ್ಲಿ ಆಟದ ಪೀರಿಯಡ್ ಅಂದರೆ ಗಣಿತದವರು ಕೇಳಿದ ತಕ್ಷಣ ಬಿಟ್ಟುಕೊಡಬೇಕಾದ ಪೀರಿಯಡ್. ಮನುಷ್ಯ ಹೇಗೆ ನಡೆಯುತ್ತಾನೆ, ಓಡುತ್ತಾನೆ, ದಣಿಯುತ್ತಾನೆ ಅನ್ನುವುದೇ ಒಂದು ವಿಶ್ವವಿದ್ಯಾಲಯದ ವಿಷಯ ಅಂತ ನಮಗೆ ಯಾರೂ ಹೇಳಿರಲಿಲ್ಲ. ನೀನು ಅದನ್ನೇ ಓದಲು ಹೊರಟಿದ್ದೀಯ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದ ಆದರೂ ಪೂರ್ತಿ ಓದು.

ಹಾಕಿಯ ಡ್ರ್ಯಾಗ್ ಫ್ಲಿಕ್, ಅಂದರೆ ಚೆಂಡನ್ನು ಕೋಲಿನಿಂದ ಎಳೆದು ಗೋಲಿಗೆ ಚಿಮ್ಮಿಸುವ ಹೊಡೆತದ ಮೇಲೆ ಕೆಲಸ ಮಾಡಬೇಕು ಅಂತಿದ್ದೀಯಂತೆ. ತಪ್ಪೇನಿಲ್ಲ. ಬಿ.ಪಿ. ಗೋವಿಂದ, ಎಸ್.ವಿ. ಸುನಿಲ್ ಹುಟ್ಟಿದ ಊರಿನ ಹುಡುಗಿ ನೀನು. ಗೋವಿಂದ 1975ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದವರು. ನಮ್ಮ ಕೊಡಗು ಜಿಲ್ಲೆಯಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಇವತ್ತು ಎಷ್ಟು ದೊಡ್ಡದಾಗಿದೆ ಅಂತ ನಿನಗೆ ಗೊತ್ತು. ಆದರೆ ಆಟಗಾರರಿಗೆ ಕೋಚ್ ಇದ್ದಾರೆ, ಫಿಸಿಯೋ ಇದ್ದಾರೆ, ವಿಡಿಯೋ ನೋಡಿ ತಿದ್ದುವವರಿದ್ದಾರೆ. ನಮ್ಮ ಕಾಫಿ ತೋಟದ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ ಇರುವ ಹೆಂಗಸರ ಸೊಂಟ, ಮಂಡಿ ನೋಡುವವರು ಯಾರಿದ್ದಾರೆ ಹೇಳು? ಗೈಡ್ ಹತ್ತಿರ ವಿಷಯ ಗಟ್ಟಿ ಮಾಡುವ ಮುಂಚೆ ಇದನ್ನು ಯೋಚಿಸು. ನನ್ನ ಆಸೆ ಇದೊಂದೇ.

ಇದು ಚಿಕ್ಕ ವಿಷಯ ಅಂತ ನಿನ್ನ ಡಿಪಾರ್ಟ್‌ಮೆಂಟಿನಲ್ಲಿ ಯಾರಾದರೂ ಮೂಗು ಮುರಿದರೆ ಲಂಡನ್ ಬಸ್ಸಿನ ಕಥೆ ಹೇಳು. ಜೆರೆಮಿ ಮಾರಿಸ್ ಅನ್ನುವ ವೈದ್ಯರು ಅಲ್ಲಿನ ಡಬಲ್ ಡೆಕ್ಕರ್ ಬಸ್ಸುಗಳ ಡ್ರೈವರ್, ಕಂಡಕ್ಟರ್‌ಗಳನ್ನು ಹೋಲಿಸಿ ನೋಡಿದರು. ಡ್ರೈವರ್ ಇಡೀ ದಿನ ಕೂತಿರುತ್ತಾನೆ, ಕಂಡಕ್ಟರ್ ಮೆಟ್ಟಿಲು ಹತ್ತಿ ಇಳಿಯುತ್ತಲೇ ಇರುತ್ತಾನೆ. ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಡಿಮೆ ಇತ್ತು. ಅದು ಅಚ್ಚಾಗಿದ್ದು 1953ರಲ್ಲಿ. ವ್ಯಾಯಾಮ ಹೃದಯಕ್ಕೆ ಒಳ್ಳೆಯದು ಅಂತ ಇವತ್ತು ಎಲ್ಲರೂ ಹೇಳುವ ಮಾತಿಗೆ ಒಂದು ದೊಡ್ಡ ಆಧಾರ ಸಿಕ್ಕಿದ್ದು ಸಂಬಳಕ್ಕೆ ದುಡಿಯುವ ಜನರಿಂದ. ನನಗೆ ಇನ್ನೂ ಜಾಸ್ತಿ ಇಷ್ಟವಾಗುವುದು ಅವರು ಆಮೇಲೆ ಮಾಡಿದ್ದು. ಡ್ರೈವರ್‌ಗಳು ಕೆಲಸಕ್ಕೆ ಸೇರುವಾಗಲೇ ದಪ್ಪ ಇದ್ದರೋ ಏನೋ ಅಂತ ಅನುಮಾನ ಪಟ್ಟು, ಅವರಿಗೆ ಕೊಟ್ಟ ಯೂನಿಫಾರ್ಮ್ ಪ್ಯಾಂಟಿನ ಸೊಂಟದ ಅಳತೆಯನ್ನೇ ತೆಗೆಸಿ ನೋಡಿದರು. ನಿಜಕ್ಕೂ ದಪ್ಪ ಇದ್ದರು. ಅದನ್ನು ಮುಚ್ಚಿಡದೆ 1956ರಲ್ಲಿ ಪ್ರಕಟಿಸಿದರು. ತನ್ನ ಫಲಿತಾಂಶವನ್ನು ತಾನೇ ಹಾಗೆ ಜಾಲಾಡುವವರು ನನ್ನ ಕಣ್ಣಿಗೆ ಸಂಶೋಧಕರು.

ಈಗ ನಮ್ಮ ತೋಟಕ್ಕೆ ಬಾ. ಕೊಯ್ಲಿನ ಸಂಜೆ ಹಣ್ಣು ತುಂಬಿದ ಚೀಲ ತೂಕಕ್ಕೆ ಬರಬೇಕು. ಒಬ್ಬಳು ಮಂಡಿ ಬಗ್ಗಿಸಿ ನಿಲ್ಲುತ್ತಾಳೆ, ಇನ್ನೊಬ್ಬಳು ಚೀಲ ಎತ್ತಿ ಅವಳ ತಲೆ ಮೇಲಿನ ಸಿಂಬೆಗೆ ಕೂರಿಸುತ್ತಾಳೆ. ಆಮೇಲೆ ಇಳಿಜಾರು. ಸಿಲ್ವರ್ ಓಕ್ ತರಗೆಲೆ ಜಾರುತ್ತದೆ. ಅವಳು ಪಾದ ಅಡ್ಡ ಇಟ್ಟು, ಹಿಮ್ಮಡಿ ಊರಿ ಒಮ್ಮೆ ಒತ್ತಿ ನೋಡಿ, ಆಮೇಲೆ ಭಾರ ಬಿಡುತ್ತಾಳೆ. ಪ್ರತಿ ಹೆಜ್ಜೆಗೂ ಹಾಗೇ. ಯಾರೂ ಕಲಿಸಿಕೊಟ್ಟದ್ದಲ್ಲ ಅದು.

ಈ ಇಳಿಜಾರಿನಲ್ಲೇ ಉಸಿರಿನ ಆಮ್ಲಜನಕ ಅಳೆಯುವ ನಿನ್ನ ಮೆಷಿನ್ ನಿನಗೆ ಮೋಸ ಮಾಡಬಹುದು, ಜೋಪಾನ. 1952ರಲ್ಲಿ ಇಂಗ್ಲೆಂಡಿನಲ್ಲಿ ಆಬಟ್, ಬಿಗ್‌ಲ್ಯಾಂಡ್, ರಿಚಿ ಅನ್ನುವ ಮೂವರು ಎರಡು ಸೈಕಲ್‌ಗಳನ್ನು ಬೆನ್ನಿಗೆ ಬೆನ್ನು ನಿಲ್ಲಿಸಿ ಒಂದೇ ಚೈನಿನಲ್ಲಿ ಜೋಡಿಸಿದರು. ಒಬ್ಬರು ಪೆಡಲ್ ತುಳಿಯಬೇಕು, ಇನ್ನೊಬ್ಬರು ತಮ್ಮ ಪೆಡಲ್ ಹಿಂದಕ್ಕೆ ತಿರುಗುವುದನ್ನು ಕಾಲಲ್ಲೇ ತಡೆಯಬೇಕು. ಇಬ್ಬರ ಕಾಲಿನ ಬಲವೂ ಒಂದೇ. ಆದರೆ ತಡೆಯುವವರಿಗೆ ಬೇಕಾದ ಆಮ್ಲಜನಕ ತುಂಬಾ ಕಡಿಮೆ. ಸಣ್ಣ ಮೈಕಟ್ಟಿನ ಬಿಗ್‌ಲ್ಯಾಂಡ್ ಅಮ್ಮ ಸುಮ್ನೆ ತಡೆಯುತ್ತಾ ಕೂತು ದೊಡ್ಡ ಆಳನ್ನೇ ಸುಸ್ತು ಮಾಡಿಬಿಟ್ಟರು. ಬೆಟ್ಟ ಇಳಿಯುವಾಗ ತೊಡೆ ಮಾಡುವುದು ಇದೇ ತಡೆಯುವ ಕೆಲಸ. ಸ್ನಾಯು ಹಿಗ್ಗುತ್ತಾ ಭಾರ ಹಿಡಿಯುತ್ತದೆ. ಉಸಿರು ಕಟ್ಟುವುದಿಲ್ಲ. ಆದರೆ ಅಭ್ಯಾಸ ಇಲ್ಲದವರಿಗೆ ಮಾರನೆಯ ದಿನ, ಅದರ ಮಾರನೆಯ ದಿನ ತೊಡೆ ಹಿಡಿದುಕೊಳ್ಳುತ್ತದೆ. ಮೂಗಿಗೆ ಮಾಸ್ಕ್ ಹಾಕಿಸಿ ಆಮ್ಲಜನಕದ ಅಂಕಿ ಮಾತ್ರ ಬರೆದುಕೊಂಡರೆ, ‘ಚೀಲ ಹೊತ್ತು ಇಳಿಯುವುದು ಹಗುರ ಕೆಲಸ’ ಅಂತ ನಿನ್ನ ಥೀಸಿಸ್ ಹೇಳಿಬಿಡುತ್ತದೆ. ಆ ಹೆಂಗಸರ ಹತ್ತಿರ ಕೂತು ಕೇಳಿದ್ದರೆ ಹಾಗೆ ಬರೆಯಲು ನಿನಗೆ ಕೈ ಬರುವುದಿಲ್ಲ.

ತಲೆಹೊರೆ ಬಗ್ಗೆ ಒಂದು ಪ್ರಸಿದ್ಧ ಪ್ರಯೋಗ ನಿನ್ನ ಕಣ್ಣಿಗೆ ಬಿದ್ದೇ ಬೀಳುತ್ತದೆ. ಕೀನ್ಯಾದ ಲುವೋ, ಕಿಕುಯು ಹೆಂಗಸರು ತಮ್ಮ ತೂಕದ 20 ಪರ್ಸೆಂಟ್‌ವರೆಗಿನ ಹೊರೆ ಹೊತ್ತರೂ ಹೆಚ್ಚಿನ ಶಕ್ತಿ ಖರ್ಚಾಗಲಿಲ್ಲ ಅಂತ 1986ರಲ್ಲಿ ಬಂತು. ಓದಿದವರೆಲ್ಲ ಬೆರಗಾದರು. ಆದರೆ 2010ರಲ್ಲಿ ದಕ್ಷಿಣ ಆಫ್ರಿಕಾದ ಹೆಂಗಸರನ್ನು ಪರೀಕ್ಷಿಸಿದಾಗ ಆ ಲಾಭ ಕಾಣಲಿಲ್ಲ, ಒಬ್ಬೊಬ್ಬರದು ಒಂದೊಂದು ಥರ ಇತ್ತು. ‘ಅವರಿಗೆ ಅಭ್ಯಾಸ ಆಗಿದೆ ಬಿಡಿ, ಭಾರವೇ ಅನಿಸಲ್ಲ’ ಅಂತ ತೋಟದ ಮಾಲೀಕರು ಹೇಳುವ ಮಾತಿಗೆ ನಿನ್ನ ಅಂಕಿ ಸಾಕ್ಷಿಯಾಗಬಾರದು, ಪುಟ್ಟಿ. ಸರಾಸರಿ ಕೊಟ್ಟು ಕೈ ತೊಳೆದುಕೊಳ್ಳಬೇಡ. ಪ್ರತಿಯೊಬ್ಬಳದೂ ತೋರಿಸು.

ಎ.ವಿ. ಹಿಲ್ ಅವರಿಗೆ ಸ್ನಾಯುಗಳ ಮೇಲಿನ ಕೆಲಸಕ್ಕೆ 1922ರ ನೊಬೆಲ್ ಬಂತು. ಅವರು ಬೆನ್ನಿಗೆ ಗಾಳಿ ಹಿಡಿಯುವ ಚೀಲ ಕಟ್ಟಿಕೊಂಡು ಹುಲ್ಲಿನ ಮೈದಾನದಲ್ಲಿ ತಾವೇ ಓಡಿದವರು. ನೀನೂ ಮೊದಲು ಮಾಸ್ಕ್ ಹಾಕಿಕೋ. ಮೊದಲು ಚೀಲ ಹೊರು. ಟ್ರೆಡ್‌ಮಿಲ್ ಮೇಲಲ್ಲ, ಇಲ್ಲೇ, ತೋಟದೊಳಗೆ.

ಒಪ್ಪಿಗೆ ವಿಷಯದಲ್ಲಿ ನಾನು ತುಂಬಾ ಗಟ್ಟಿಯಾಗಿ ಹೇಳುತ್ತೇನೆ. ನಿನ್ನ ಎಥಿಕ್ಸ್ ಕಮಿಟಿ ಸಹಿ ಮಾಡಿಸಿದ ಕಾಗದ ಕೇಳುತ್ತದೆ. ಸಾಹುಕಾರರಿಗೆ ಒಂದು ಮಾತು ಹೇಳಿದರೆ ಮೇಸ್ತ್ರಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೆಬ್ಬೆಟ್ಟು ಒತ್ತಿಸಿ ಕೊಡುತ್ತಾನೆ. ಅದು ಒಪ್ಪಿಗೆ ಅಲ್ಲ. ಕೂಲಿ ಕೊಡುವವನ ಎದುರು ‘ಬೇಡ’ ಅನ್ನಲು ಅವರಿಗೆ ಆಗುತ್ತದಾ? ತೋಟದ ಲೆಕ್ಕ ಬರೆಯುವ ರೈಟರ್, ಮೇಸ್ತ್ರಿ ಇಲ್ಲದಾಗ ಲೈನ್ ಮನೆ ಜಗಲಿಯಲ್ಲಿ ಕೂತು ಕೇಳು. ಮಧ್ಯದಲ್ಲಿ ಬಿಟ್ಟು ಹೋಗಬಹುದು ಅಂತ ಅವರ ಭಾಷೆಯಲ್ಲೇ ಹೇಳು. ತಮಿಳು, ಮಲಯಾಳ, ಯರವ ಮಾತಾಡುವವರಿದ್ದಾರೆ, ಈಗ ಅಸ್ಸಾಮಿನಿಂದ ಬಂದವರೂ ಇದ್ದಾರೆ. ಯಾರು ಬಂದರು, ಯಾರು ಬರಲಿಲ್ಲ ಅಂತ ತೋಟದವರಿಗೆ ಗೊತ್ತಾಗಬಾರದು.

ಕೊಯ್ಲಿನಲ್ಲಿ ಕೆ.ಜಿ. ಲೆಕ್ಕದ ದುಡಿಮೆ. ನಿನ್ನ ಪರೀಕ್ಷೆಗೆ ಒಂದು ಗಂಟೆ ನಿಂತರೂ ಅಷ್ಟು ಹಣ್ಣು ಹೋಯಿತು, ಅಷ್ಟು ದುಡ್ಡು ಹೋಯಿತು. ಪ್ರಾಜೆಕ್ಟ್ ಬಜೆಟ್ ಬರೆಯುವಾಗಲೇ ಅದನ್ನು ಸೇರಿಸು. ಸಂತೆ ದಿನ ಅವರನ್ನು ಕರೆಯಲೇಬೇಡ. ಅವತ್ತೇ ಅವರು ಮನೆ ಸಾಮಾನು ತರುವುದು, ಮಕ್ಕಳ ಜೊತೆ ಇರುವುದು.

ಮುಟ್ಟು, ಬಸಿರು, ಬಾಣಂತನ ಇವನ್ನೂ ಕೇಳಿ ಬರೆದುಕೋ. ಕ್ರೀಡಾ ವಿಜ್ಞಾನದಲ್ಲಿ ಗಂಡಸರ ಮೈಯನ್ನೇ ಜಾಸ್ತಿ ಅಳೆದಿದ್ದಾರೆ. ಹೆಣ್ಣು ಮೈಯಲ್ಲಿ ತಿಂಗಳೊಳಗೇ ಆಗುವ ಬದಲಾವಣೆ ಲೆಕ್ಕಕ್ಕೆ ತೊಡಕು ಅಂತ ಎಷ್ಟೋ ಕಡೆ ಕೈಬಿಟ್ಟರು. ನೀನು ಹೆಣ್ಣಾಗಿ ಆ ತೊಡಕನ್ನೇ ಹಿಡಿದು ಕೆಲಸ ಮಾಡು. ಡ್ರ್ಯಾಗ್ ಫ್ಲಿಕ್ ಎಲ್ಲಿಗೂ ಓಡಿಹೋಗುವುದಿಲ್ಲ.

ಥೀಸಿಸ್ ಮುಗಿದ ಮೇಲೆ ಅದೇ ಜಗಲಿಗೆ ವಾಪಸ್ ಬಂದು ಏನು ಸಿಕ್ಕಿತು ಅಂತ ಹೇಳಬೇಕು. ಯಾವ ತೂಕದ ಚೀಲ ಸಾಕು, ಯಾವ ಇಳಿಜಾರಿಗೆ ಮೆಟ್ಟಿಲು ಕಡಿಸಬೇಕು ಅನ್ನುವುದು ತೋಟದವರಿಗೂ ತಲುಪಬೇಕು. ಇದನ್ನು ಗೈಡ್ ಕೇಳಲಿಕ್ಕಿಲ್ಲ. ನಾನು ಕೇಳುತ್ತೇನೆ.

ಅರೇಬಿಕಾ ಕೊಯ್ಲು ಶುರುವಾಗುವ ಮುಂಚೆ ಒಂದು ವಾರ ಇಲ್ಲಿಗೆ ಬಾ. ಪರಿಚಯ ಮಾಡಿಸುವುದು ನನ್ನ ಕೆಲಸ, ಒಪ್ಪುವುದು ಬಿಡುವುದು ಅವರಿಗೆ ಬಿಟ್ಟದ್ದು. ಒಳ್ಳೆ ಹಿಡಿತ ಇರುವ ಬೂಟು ತಾ, ಆ ಇಳಿಜಾರಿನಲ್ಲಿ ನಿನ್ನ ಸ್ಪೋರ್ಟ್ಸ್ ಶೂ ನಿಲ್ಲುವುದಿಲ್ಲ.

ನಿನ್ನ ದೊಡ್ಡಮ್ಮ