ಸೂರ್ಯನಿಗೆ ಬೆನ್ನು ಹಾಕಿ ನಿಂತ ಬೆಳಗು

ಲೋ ಗೆಳೆಯ,

ತಮಿಳುನಾಡಿನ ಮೂಡಣ ಕಡಲ ತುದಿಯ ಧನುಷ್ಕೋಡಿಯಲ್ಲಿ ನೀನು ತೆಗೆದ ಸೂರ್ಯೋದಯದ ಫೋಟೊ ನೋಡಿದೆ. ಚೆನ್ನಾಗಿದೆ. ಆದರೆ ಜೊತೆಗೆ ಒಂದು ಕೊಂಕು ಬರೆದಿದ್ದೀಯಲ್ಲ, 'ನಿಮ್ಮ ಕಡಲಲ್ಲಿ ಸೂರ್ಯ ಮುಳುಗೋದಷ್ಟೇ, ಬೆಳಗ್ಗೆ ಎದ್ದು ಏನು ತೆಗೀತೀಯ?' ಅಂತ. ಅದಕ್ಕೇ ಈ ಪತ್ರ.

ಹೋದ ಹುಣ್ಣಿಮೆಯ ಮರುದಿನ ಮರವಂತೆಯಲ್ಲಿದ್ದೆ. ಹೆದ್ದಾರಿ 66ರ ಪಡುವಕ್ಕೆ ಕಡಲು, ಮೂಡಕ್ಕೆ ಸೌಪರ್ಣಿಕಾ ಹೊಳೆ, ನಡುವೆ ರಸ್ತೆ. ಹಿಂದಿನ ರಾತ್ರಿ ಲಾಡ್ಜಿನಲ್ಲಿ ಎಸಿ ಹಾಕಿಕೊಂಡು ಮಲಗಿದ್ದೇ ತಪ್ಪಾಯಿತು. ಬೆಳಗಿನ ಜಾವ ಕಡಲ ಬದಿಯಲ್ಲಿ ಕ್ಯಾಮೆರಾ ತೆಗೆದರೆ ಲೆನ್ಸ್ ಪೂರ್ತಿ ಬೆವತಿದೆ! ತಣ್ಣಗಿನ ಗಾಜಿಗೆ ಕರಾವಳಿಯ ಒದ್ದೆ ಗಾಳಿ ತಾಗಿದರೆ ಇನ್ನೇನಾಗುತ್ತೆ. ಒರೆಸಿದೆ, ಮತ್ತೆ ಮಬ್ಬು. ಮತ್ತೆ ಒರೆಸಿದೆ, ಮತ್ತೆ ಮಬ್ಬು. ಕೊನೆಗೆ ಕಡಲ್ಕೊರೆತ ತಡೆಯೋಕೆ ಪೇರಿಸಿಟ್ಟ ಕಪ್ಪು ಬಂಡೆಗಳ ಮೇಲೆ ಸುಮ್ನೆ ಕೂತೆ.

ಕೂತದ್ದೇ ಒಳ್ಳೆಯದಾಯಿತು. ಪಡುವಣದಲ್ಲಿ, ನೀರಿಗೆ ಅಂಟಿಕೊಂಡ ಹಾಗೆ, ಬೂದಿ ಕಲಸಿದಂಥ ನೀಲಿ ಪಟ್ಟಿಯೊಂದು ಕಾಣಿಸಿತು. ಅದರ ಮೇಲೆ ತೆಳು ಗುಲಾಬಿ. ಇಷ್ಟು ವರ್ಷ ಅದನ್ನು ಮೋಡ ಅಂದುಕೊಂಡಿದ್ದೆ. ಅದು ಭೂಮಿಯ ನೆರಳು ಕಣೋ! ನನ್ನ ಬೆನ್ನ ಹಿಂದೆ, ಘಟ್ಟದಾಚೆ, ಸೂರ್ಯ ಇನ್ನೂ ಕೆಳಗಿದ್ದಾನೆ. ಅವನ ಬೆಳಕಿಗೆ ಭೂಮಿಯೇ ಅಡ್ಡ ನಿಂತು ಎದುರಿನ ಆಕಾಶದ ಮೇಲೆ ನೆರಳು ಬೀಳಿಸಿದೆ. ಅವನು ಮೇಲೇರಿದಂತೆ ಆ ನೀಲಿ ಇಳಿದಿಳಿದು ಕಡಲೊಳಗೆ ಹೋಗುತ್ತೆ. ಧನುಷ್ಕೋಡಿಯಲ್ಲೂ ಇದು ಇರುತ್ತೆ, ನೀವ್ಯಾರೂ ಆ ಕಡೆ ತಿರುಗಲ್ಲ, ಅಷ್ಟೇ.

ಆ ಗುಲಾಬಿಯಲ್ಲೇ ಚಂದ್ರ ಇದ್ದ. ಹುಣ್ಣಿಮೆ ಚಂದ್ರ ಸೂರ್ಯನ ನೇರ ಎದುರಿಗಿರುತ್ತಾನಲ್ವಾ, ಹಾಗಾಗಿ ಬೆಳಗ್ಗೆ ಅವನು ಮುಳುಗುವುದು ನಮ್ಮ ಕಡಲ ಕಡೆಗೇ. ಕತ್ತಲಿರುವಾಗಲೇ ಕ್ಲಿಕ್ಕಿಸಿದರೆ ಬರೀ ಬಿಳಿ ತೂತು ಬರುತ್ತೆ. ನೀರಿನ ಮೇಲೆ ಸ್ವಲ್ಪ ಬೆಳಕು ಹರಡುವ ತನಕ ಕಾಯಬೇಕು. ಅಷ್ಟರಲ್ಲಿ ಗಾಜೂ ಸರಿಯಾಗಿತ್ತು. ಶಟರ್ ಅರ್ಧ ಸೆಕೆಂಡ್ ತೆರೆದಿಟ್ಟೆ. ಅಲೆ ಬಂಡೆಗೆ ಬಡಿಯುವಾಗ ಅಲ್ಲ, ಬಡಿದು ವಾಪಸ್ ಹೋಗುವಾಗ ಒತ್ತಬೇಕು. ಆಗ ನೊರೆ ಎಳೆ ಎಳೆಯಾಗಿ ಹಿಂದಕ್ಕೆ ಹರಿಯುವುದು ಸಿಗುತ್ತೆ. ಕೆಲವರು ಮೂವತ್ತು ಸೆಕೆಂಡ್ ತೆರೆದಿಟ್ಟು ಕಡಲನ್ನೇ ಮಂಜು ಮಾಡಿಬಿಡುತ್ತಾರೆ. ನನಗದು ಹಿಡಿಸಲ್ಲ, ಕಡಲು ಸತ್ತ ಹಾಗೆ ಕಾಣುತ್ತೆ.

ಆಮೇಲೆ ಕೆಳಗಿಳಿದು ಮರಳಲ್ಲಿ ಟ್ರೈಪಾಡ್ ನೆಟ್ಟೆ. ಪ್ರತಿ ಅಲೆ ಹಿಂದೆ ಸರಿದಾಗಲೂ ಕಾಲುಗಳು ಒಂದಿಷ್ಟು ಹೂತುಹೋಗುತ್ತವೆ. ಹನ್ನೊಂದು ಫೋಟೊ ಅಲುಗಾಡಿವೆ.

ಬಲೆ ಹೊತ್ತು ಹೋಗುತ್ತಿದ್ದ ಹಿರಿಯರೊಬ್ಬರು ನಿಂತು ನೋಡಿ ಕೇಳಿದರು, "ಹೊತ್ತ್ ಮೂಡುದ್ ಆಚಿ ಬದಿಯಂಗೆ ಅಲ್ದಾ ಮಾರಾಯ್ರೆ?" ಚಂದ್ರನನ್ನು ತೋರಿಸಿದೆ. ನಕ್ಕು ಹೋದರು. ಪಾಪ, ದಿನಾ ನೋಡುವವರಿಗೆ ಅದೇನು ವಿಶೇಷ!

ಚಂದ್ರ ಮುಳುಗಲೇ ಇಲ್ಲ ನೋಡು. ನೀರಿಗೆ ಇನ್ನೊಂದು ಗೇಣು ಇರುವಾಗಲೇ ಮಬ್ಬಿನಲ್ಲಿ ಕರಗಿಹೋದ. ಲಾರಿ ತಪ್ಪಿಸಿಕೊಂಡು ರಸ್ತೆ ದಾಟಿದೆ. ಹೊಳೆ ಅಲುಗಾಡದೆ ನಿಂತಿತ್ತು, ದೂರದಲ್ಲಿ ಕೊಡಚಾದ್ರಿ ನೀಲಿಯಾಗಿ, ತೆಂಗಿನ ಮರಗಳು ತಲೆಕೆಳಗಾಗಿ. ನಿನಗೆ ಬೇಕಾದ ಸೂರ್ಯೋದಯ ಅಲ್ಲಿತ್ತು. ಎರಡೇ ಎರಡು ಫೋಟೊ ತೆಗೆದೆ.

ಮುಂದಿನ ಹುಣ್ಣಿಮೆಗೆ ಬಾ. ನಿನ್ನ ಉದ್ದ ಲೆನ್ಸ್ ಮರೀಬೇಡ, ಜೊತೆಗೆ ಹಳೇ ಪಂಚೆಯ ತುಂಡೊಂದು ಇರಲಿ, ಉಪ್ಪು ಹನಿ ಒರೆಸೋಕೆ. ರೂಮ್ ನಾನು ನೋಡಿಟ್ಟಿದ್ದೇನೆ. ಫ್ಯಾನ್ ಮಾತ್ರ ಇದೆ.

ನಿನ್ನವನೇ