ಕ್ರಿಯಾಪದವೇ ಗುಟ್ಟು ಬಿಟ್ಟುಕೊಡುತ್ತದೆ

ತುಮಕೂರು

ಪ್ರೀತಿಯ ತಮ್ಮ,

ಇನ್ನೂ ಬಿಡುಗಡೆಯಾಗದ ಗೇಮಿನ ಚಿತ್ರವೊಂದು ಕೈಗೆ ಬಂದಿದೆ, ನನ್ನ ಗೇಮಿಂಗ್ ಪುಟದಲ್ಲಿ ಹಾಕಲೇ ಬೇಡವೇ ಎಂದು ಕೇಳಿದ್ದೀಯ. ಮೊದಲು ನೋಡಬೇಕಾದ್ದು, ನೀನು ಯಾರಿಗಾದರೂ ಮಾತು ಕೊಟ್ಟಿದ್ದೀಯಾ ಎಂಬುದು. ವಿಮರ್ಶೆಗೆ ಗೇಮ್ ಕೊಟ್ಟ ಕಂಪನಿ ಇಂಥ ಹೊತ್ತಿನವರೆಗೆ ಬರೆಯಬಾರದು ಎಂದು ಹೇಳಿ, ನೀನೂ ಒಪ್ಪಿದ್ದರೆ ಅದು ಎಂಬಾರ್ಗೊ. ಬೇರೆಯವರು ಮುರಿದರೂ ನೀನು ಮುರಿಯುವ ಹಾಗಿಲ್ಲ. ಅಮೆರಿಕದ ಪೆಸಿಫಿಕ್ ಸಮಯ ಕೊಟ್ಟಿದ್ದರೆ ಹುಷಾರಾಗಿ ಲೆಕ್ಕ ಹಾಕು: ಅಲ್ಲಿ ಬೆಳಿಗ್ಗೆ 7 ಗಂಟೆ ಎಂದರೆ ನಮಗೆ ಬೇಸಿಗೆಯಲ್ಲಿ ಸಂಜೆ 7:30, ಚಳಿಗಾಲದಲ್ಲಿ ರಾತ್ರಿ 8:30. ಮಾರ್ಚ್, ನವೆಂಬರಿನಲ್ಲಿ ಅವರು ಗಡಿಯಾರ ತಿರುಗಿಸುವ ವಾರ ಎರಡು ಸಲ ನೋಡು.

ಮಾತು ಕೊಡದೆ ಬಂದದ್ದಾದರೆ, ಸುದ್ದಿ ಬೇರೆ, ಕದ್ದ ಮಾಲು ಬೇರೆ. 2022ರ ಸೆಪ್ಟೆಂಬರಿನಲ್ಲಿ ತಯಾರಿಯ ಹಂತದಲ್ಲಿದ್ದ ಜಿಟಿಎ 6 ಗೇಮಿನ ಸುಮಾರು 90 ವಿಡಿಯೊ ಹೊರಬಿದ್ದವು. ಕಳವಾದದ್ದು ನಿಜ ಎಂದು ಗೇಮ್ ಮಾಡುವ ರಾಕ್‌ಸ್ಟಾರ್ ಕಂಪನಿ ಮರುದಿನವೇ ಒಪ್ಪಿಕೊಂಡಿತು. ಕಳವಾದದ್ದು, ಕಂಪನಿ ಹೇಳಿದ್ದು ಎರಡೂ ಸುದ್ದಿ. ಆ ವಿಡಿಯೊ ನಿನ್ನ ಪುಟದಲ್ಲಿ ಓಡಬೇಕಿಲ್ಲ. ಅದನ್ನು ನೋಡಿ ಗ್ರಾಫಿಕ್ಸ್ ಕಳಪೆ ಎಂದು ಬರೆಯುವುದಂತೂ, ಅಕ್ಕಿ ಬೇಯುವ ಮುಂಚೆಯೇ ಅನ್ನ ಚೆನ್ನಾಗಿಲ್ಲ ಎಂದ ಹಾಗೆ. 2023ರ ಡಿಸೆಂಬರಿನಲ್ಲಿ ಇನ್ಸಾಮ್ನಿಯಾಕ್ ಎಂಬ ಗೇಮ್ ಕಂಪನಿಯಿಂದ ಕದ್ದು ಹೊರಹಾಕಿದ 13 ಲಕ್ಷಕ್ಕೂ ಹೆಚ್ಚು ಕಡತಗಳಲ್ಲಿ ನೌಕರರ ಪಾಸ್‌ಪೋರ್ಟ್ ಪ್ರತಿಗಳೂ ಇದ್ದವು. ಅಂಥ ಕಡೆಗೆ ಲಿಂಕನ್ನೂ ಕೊಡಬೇಡ.

ಯಾರು ಸೋರಿಸಿದರು, ಯಾಕೆ ಎಂದು ಊಹಿಸಬೇಡ. 2020ರ ಏಪ್ರಿಲಿನಲ್ಲಿ ದಿ ಲಾಸ್ಟ್ ಆಫ್ ಅಸ್ ಭಾಗ 2 ಗೇಮಿನ ದೃಶ್ಯಗಳು ಸೋರಿದಾಗ, ಸಿಟ್ಟಾದ ನೌಕರನ ಕೆಲಸ ಎಂದು ಗುಲ್ಲಾಯಿತು. ಹೊರಗಿನವರು ಮಾಡಿದ್ದು ಎಂದು ಆ ಗೇಮ್ ಹೊರತಂದ ಸೋನಿ ಆಮೇಲೆ ಹೇಳಿತು.

ಒಳಗಿನವರೇ ನಂಬಿ ಕಳಿಸಿದ್ದಾದರೆ ಚಿತ್ರವನ್ನು ಹಾಗೇ ಹಾಕಬೇಡ. ಮೂಲೆಯ ಬಿಲ್ಡ್ ಸಂಖ್ಯೆ (ಗೇಮಿನ ಯಾವ ಪ್ರತಿ ಎಂದು ಹೇಳುವ ಗುರುತು), ಮಸುಕಾದ ವಾಟರ್‌ಮಾರ್ಕ್, ಆಟಗಾರನ ಐಡಿ, ಇವುಗಳಲ್ಲಿ ಒಂದು ಸಾಕು ಅವರ ಕೆಲಸ ಹೋಗಲು. ಕಂಡದ್ದನ್ನು ಮಾತಿನಲ್ಲಿ ಬರೆ. ಇನ್ನೊಬ್ಬರಿಂದ ಖಚಿತಪಡಿಸಿಕೋ, ಇಬ್ಬರೂ ಒಂದೇ ರೆಡಿಟ್ ಪೋಸ್ಟ್ ಓದಿ ಹೇಳಿದ್ದರೆ ಅದು ಒಂದೇ ಮೂಲ. ಕಂಪನಿ ಮುನಿಸಿಕೊಂಡೀತು ಎಂಬ ಭಯಕ್ಕೆ ನಿಜ ಸುದ್ದಿ ಬಿಡಬೇಡ. ಬೆಥೆಸ್ಡಾ, ಯೂಬಿಸಾಫ್ಟ್ ಎಂಬ ಗೇಮ್ ಕಂಪನಿಗಳು ತನ್ನನ್ನು ದೂರವಿಟ್ಟಿವೆ ಎಂದು ಕೊಟಾಕು ಎಂಬ ಗೇಮಿಂಗ್ ಸುದ್ದಿತಾಣ 2015ರಲ್ಲಿ ಬಹಿರಂಗವಾಗಿಯೇ ಬರೆಯಿತು. ಕಂಪನಿ ಗೇಮ್ ಕಳಿಸದಿದ್ದರೆ ಕೊಂಡು ಆಡಿದರಾಯಿತು, ವಿಮರ್ಶೆ ನಾಲ್ಕು ದಿನ ತಡವಾಗುತ್ತದೆ ಅಷ್ಟೆ.

ಸ್ಪಾಯ್ಲರ್, ಅಂದರೆ ಕಥೆಯ ಗುಟ್ಟು ಮೊದಲೇ ಬಿಟ್ಟುಕೊಡುವ ವಿಷಯದಲ್ಲಿ ಕನ್ನಡದವರಿಗೆ ಒಂದು ಹೆಚ್ಚಿನ ಕಷ್ಟವಿದೆ. ಇಂಗ್ಲಿಷಿನಲ್ಲಿ ಹಂತಕ ಗಂಡೋ ಹೆಣ್ಣೋ ಹೇಳದೆ ಶೀರ್ಷಿಕೆ ಬರೆಯಬಹುದು. ನಮ್ಮಲ್ಲಿ ‘ಕೊನೆಗೆ ದ್ರೋಹ ಬಗೆದಳು’ ಎಂದು ಹೆಸರಿಲ್ಲದೆ ಬರೆದರೂ, ತಂಡದಲ್ಲಿ ಇರುವುದೇ ಒಬ್ಬ ಹೆಂಗಸಾದರೆ ‘ಳು’ ಒಂದೇ ಸಾಕು, ಕಥೆ ಮುಗಿಯಿತು. ‘ಬಗೆದವರು’ ಎಂದರೂ ದ್ರೋಹವಿದೆ ಎಂಬುದು ತಿಳಿದೇ ಹೋಗುತ್ತದೆ. ‘ಕ್ಲೈಮ್ಯಾಕ್ಸ್ ಬಗ್ಗೆ ಚರ್ಚೆ’ ಎಂದಿಟ್ಟು ನಿಲ್ಲಿಸು. ಫೋನಿನ ಲಾಕ್ ಸ್ಕ್ರೀನಿನಲ್ಲಿ ಶೀರ್ಷಿಕೆ, ಮೊದಲ ಸಾಲು, ಚಿತ್ರ ಮೂರೂ ಕೇಳದೆಯೇ ಕಾಣುತ್ತವೆ. ಹಾಗಾಗಿ ಎಚ್ಚರಿಕೆ ಮೊದಲ ಸಾಲಿನಲ್ಲೇ ಇರಲಿ, ಗುಟ್ಟು ನಾಲ್ಕನೇ ಪ್ಯಾರಾ ದಾಟಿ ಬರಲಿ. ಬಿಡುಗಡೆಯಾಗಿ ವಾರವಾಯಿತಲ್ಲ ಎಂದುಕೊಳ್ಳಬೇಡ. ಬೆಲೆ ಇಳಿಯಲಿ, ಸೆಕೆಂಡ್‌ಹ್ಯಾಂಡ್ ಡಿಸ್ಕ್ ಸಿಗಲಿ ಎಂದು ಶಿರಾದಲ್ಲೋ ಮಧುಗಿರಿಯಲ್ಲೋ ಆರು ತಿಂಗಳು ಕಾಯುವ ಹುಡುಗರೂ ನಿನ್ನ ಓದುಗರೇ.

ಆ ಚಿತ್ರ ಯಾರಿಂದ ಬಂತು ಎಂಬುದನ್ನು ಮೆಸೇಜಿನಲ್ಲಿ ಬರೆಯಬೇಡ, ಎದುರಿಗೆ ಸಿಕ್ಕಾಗ ಮಾತಾಡೋಣ. ಅಲ್ಲಿಯವರೆಗೆ ನನಗೂ ಫಾರ್ವರ್ಡ್ ಮಾಡಬೇಡ.

ಇತಿ,
ನಿನ್ನ ಅಣ್ಣ